ಹಂಗೇರಿಯಲ್ಲೂ ಅಪ್ಪ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರ ತಲೆ ಕೆಡಿಸಿದ್ದು ಒಂದೇ ಒಂದು ಪದ. ಹಂಗೇರಿಯವರು ಅಪ್ಪನನ್ನು ‘ಅಪ’ ಎನ್ನುತ್ತಾರೆಂದು ಎಲ್ಲೋ ಓದಿದ್ದೇ ತಡ, ಹಂಗೇರಿ ಭಾಷೆ ಕನ್ನಡದ ಮಗಳು ಎಂದು ತೀರ್ಮಾನಿಸಿಬಿಟ್ಟರು. ಮಲೇಷ್ಯಾದ ಮಲಯ ಭಾಷೆಯಲ್ಲಿ ‘ಅಪ’ ಎಂದರೆ ‘ಏನು’ ಎಂದು ಆಮೇಲೆ ತಿಳಿಯಿತು. ಅದೂ ಕನ್ನಡದ ಮಗಳೇ ಎನ್ನಲು ಕಾರಣ ಸಿದ್ಧವಿತ್ತು: ಮಕ್ಕಳು ‘ಏನು, ಏನು’ ಎಂದು ಪೀಡಿಸುವುದು ಅಪ್ಪನನ್ನೇ ತಾನೇ? ಕೊಬ್ಬರಿ ದರ ಕೇಳಲು ಬಂದವರೂ ಇದನ್ನು ಕೇಳಿಸಿಕೊಳ್ಳದೆ ಎದ್ದು ಹೋಗುವಂತಿರಲಿಲ್ಲ.

ಕನ್ನಡ ಸಂಘದ ಅಧ್ಯಕ್ಷ ರೇವಣಸಿದ್ದಪ್ಪನವರು ರೋಸಿಹೋಗಿದ್ದರು. “ನೋಡ್ರೀ ಮರುಳಪ್ಪ, ಇವತ್ತು ಸಂಜೆ ಸಭೇಲಿ ಸಾಕ್ಷಿ ಸಮೇತ ಹೇಳಿ, ಶಾಲು ಹೊದಿಸ್ತೀವಿ. ಇಲ್ದಿದ್ರೆ ಇನ್ಮೇಲೆ ನಿಮಗೆ ಮೈಕು ಇಲ್ಲ.”

ಮೈಕಿಲ್ಲದ ಬಾಳು ಮರುಳಪ್ಪನವರಿಗೆ ಬಾಳೇ ಅಲ್ಲ. ಅಷ್ಟರಲ್ಲಿ ಹಳೇಬೀಡಿನಲ್ಲಿ ಆಟೋ ಓಡಿಸುವ ತಂಗಿಯ ಮಗ ಶಶಿಧರನ ಫೋನು ಬಂತು.

“ಮಾವಾ, ಹಂಗೇರಿಯೋನೊಬ್ಬ ದೇವಸ್ಥಾನದ ಮುಂದೆ ಎಳನೀರು ಕುಡೀತಾ ಅವ್ನೆ. ಹಿಡ್ಕಳ್ಳಾ?”

“ಬಿಡಬ್ಯಾಡ ಕಣೋ, ಬಂದೆ!”

ಗಾಬೋರ್ ಎಂಬ ಆ ಬಿಳಿಗಡ್ಡದ ಮನುಷ್ಯ ಕರೆದೊಡನೆ ಕಾರು ಹತ್ತಿದ. ಹೌದು, ಅಪ್ಪನಿಗೆ ‘ಅಪ’ ಎನ್ನುತ್ತೇವೆ ಎಂದು ಒಪ್ಪಿಕೊಂಡ. ಮರುಳಪ್ಪನವರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಜಾವಗಲ್ ದಾಟುತ್ತಿದ್ದಂತೆ ಅವನು ಇಂಗ್ಲಿಷಿನಲ್ಲಿ ತನ್ನ ಸಂಶೋಧನೆಯನ್ನು ಬಿಚ್ಚಿದ. ಜಗತ್ತಿನ ಭಾಷೆಗಳೆಲ್ಲ ಹುಟ್ಟಿದ್ದು ಹಂಗೇರಿ ಭಾಷೆಯಿಂದಂತೆ. ಮಲಯವೂ ಅಷ್ಟೇ, ಕನ್ನಡವೂ ಅಷ್ಟೇ. ಅವನ ಊರಿನಲ್ಲಿ ಇದಕ್ಕೆ ಯಾರೂ ಕಿವಿಗೊಡುವುದಿಲ್ಲವಂತೆ.

ಮರುಳಪ್ಪನವರು ಕಾರು ತಿರುಗಿಸುವವರಿದ್ದರು. ಅಷ್ಟರಲ್ಲಿ ಅಧ್ಯಕ್ಷರ ಫೋನು: “ಎಲ್ಲಿದೀರ್ರೀ? ಹಾರ ತಂದಾಯ್ತು, ಜನ ಕಾಯ್ತಾವ್ರೆ.”

ಸಭೆಯಲ್ಲಿ ಮಾತಿಗೆ ನಿಂತ ಗಾಬೋರನ ಇಂಗ್ಲಿಷು ಜಲ್ಲಿ ರಸ್ತೆಯಲ್ಲಿ ಎತ್ತಿನಗಾಡಿ ಹೋದಂತಿತ್ತು. ಕೂತವರಿಗೆ ಒಂದಕ್ಷರವೂ ತಿಳಿಯಲಿಲ್ಲ. “ಮರುಳಪ್ಪ, ಕನ್ನಡದಲ್ಲಿ ಹೇಳ್ರೀ” ಎಂದರು ಅಧ್ಯಕ್ಷರು.

ಮರುಳಪ್ಪನವರು ಮೈಕು ಹಿಡಿದು, ದೇವರನ್ನು ನೆನೆದು, ತಾಯಿಯನ್ನು ಮಗಳಾಗಿಸಿ ಮಗಳನ್ನು ತಾಯಿಯಾಗಿಸಿದರು. “ಹಂಗೇರಿ, ಮಲಯ ಎರಡೂ ಕನ್ನಡದಿಂದಲೇ ಹುಟ್ಟಿದವು ಅಂತ ಇವರು ಹೇಳ್ತಿದಾರೆ.”

ಚಪ್ಪಾಳೆ ನಿಲ್ಲಲೇ ಇಲ್ಲ. ಅದು ತನ್ನ ಸಂಶೋಧನೆಗೇ ಎಂದುಕೊಂಡು ಗಾಬೋರ್ ಕೈಮುಗಿದ. ರೇವಣಸಿದ್ದಪ್ಪನವರು ಕಣ್ಣೊರೆಸಿಕೊಳ್ಳುತ್ತಾ ಶಾಲು ತೆಗೆದುಕೊಂಡು ಬಂದು ಗಾಬೋರನಿಗೆ ಹೊದಿಸಿದರು.

“ಎಂಥಾ ಸಂಶೋಧನೆ! ನಮ್ಮೂರಲ್ಲಿ ಒಬ್ಬರಿಗಾದ್ರೂ ಹೊಳೆದಿತ್ತಾ ಇದು?”

“ಸ್ವಾಮೀ, ಇದನ್ನೇ ಅಲ್ವಾ ನಾನು ಇಷ್ಟು ದಿನ...”

“ಮಧ್ಯೆ ಬಾಯಿ ಹಾಕಬೇಡಿ. ಅವರು ಹೇಳಿದ್ದನ್ನ ಹೇಳಿ ಸಾಕು.”

ಮುಂದಿನ ಸಾಲಿನಲ್ಲಿ ಮರುಳಪ್ಪನವರ ಹೆಂಡತಿ ಸುಮಿತ್ರಮ್ಮ ಪಕ್ಕದವರ ಕಡೆ ವಾಲಿದರು. “ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರು ನೋಡ್ರೀ ಆ ಮಹಾನುಭಾವರು. ನಮ್ಮನೆಯೋರೂ ಇಂಥದ್ದೇ ಏನೋ ಹೇಳ್ತಿರ್ತಾರೆ, ತಲೆ ಬುಡ ಇರಲ್ಲ.”