ಶೇಂಗಾ ಹಿಂಡಿಯ ಜಾತಕ

ನನಗೆ ಸಿಟ್ಟು ಬರುವುದು ಕಡಿಮೆ ಎಂದು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ. ಹಾಗೆ ಹೇಳುವಾಗಲೇ ನನ್ನ ದನಿ ಏರಿರುತ್ತದೆ ಎಂಬುದು ಹೆಂಡತಿ ಶಾರದೆಯ ದೂರು. ಇರಲಿ. ಆದರೆ ನೀವೇ ಹೇಳಿ, ಊಟಕ್ಕೆ ಕುಳಿತವರು ಯಾರಾದರೂ ತಾಟಿನಲ್ಲಿರುವ ಹಿಂಡಿಯ ಹುಟ್ಟೂರು ಕೇಳುತ್ತಾರೆಯೇ? ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಕುಟ್ಟಿ ಮಾಡಿದ ಖಾರದ ಹಿಂಡಿ, ಒಂದಿಷ್ಟು ಕೆನೆಮೊಸರು ಬಿದ್ದರೆ ನಮ್ಮ ಇಂಡಿ ಊರಿನಲ್ಲಿ ಮನುಷ್ಯ ತನ್ನ ಹೆಸರನ್ನೇ ಮರೆಯುತ್ತಾನೆ. ಶೇಂಗಾದ ಹೆಸರು ಯಾರಿಗೆ ಬೇಕು!

ಪುಣೆಯ ಒಂದು ದೊಡ್ಡ ಅಂಗಡಿಗೆ ಬೇಕಂತೆ. ಶಾರದೆ ಓಣಿಯ ಐದು ಜನ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಿತ್ತಲ ಶೆಡ್ಡಿನಲ್ಲಿ ಹತ್ತು ವರ್ಷದಿಂದ ಹಿಂಡಿ ಮಾಡಿ ಮಾರುತ್ತಾಳೆ. ಅದನ್ನು ತಿಂದು ಮೆಚ್ಚಿದ ಆ ಅಂಗಡಿಯವರು ತಿಂಗಳು ತಿಂಗಳು ಕಳಿಸಿ ಎಂದರು, ಜೊತೆಗೊಂದು ಷರತ್ತು ಹಾಕಿದರು. ಪ್ರತಿ ಪೊಟ್ಟಣದ ಶೇಂಗಾ ಯಾರ ಹೊಲದ್ದು, ಯಾವಾಗ ಬಂತು, ಯಾರು ಹುರಿದರು, ಎಲ್ಲಿಗೆ ಹೋಯಿತು, ಎಲ್ಲವೂ ದಾಖಲೆಯಲ್ಲಿರಬೇಕು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಕೇಳುವುದಿಲ್ಲ! ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನ್ನನ್ನು ಶಾರದೆ ಸಿಂದಗಿಯಲ್ಲಿ ನಡೆದ ದಾಖಲೆ ಬರೆಯುವ ತರಬೇತಿಗೆ ಅಟ್ಟಿದಳು.

ಅಲ್ಲಿ ಬೆಂಗಳೂರು ಕಡೆಯ ಒಬ್ಬ ಮೇಡಂ ಪರದೆಯ ಮೇಲೆ ಬಾಣದ ಗುರುತು ತೋರಿಸುತ್ತ, "ಸರಕು ಬಂದ ಕಡೆ ಒಂದು ಹೆಜ್ಜೆ ಹಿಂದೆ, ಹೋದ ಕಡೆ ಒಂದು ಹೆಜ್ಜೆ ಮುಂದೆ, ಎರಡೂ ಗೊತ್ತಿರಬೇಕು" ಎಂದು ಹೇಳಿಕೊಟ್ಟರು. ಬಸವನ ಬಾಗೇವಾಡಿಯಿಂದ ಬಂದಿದ್ದ ಬೆಲ್ಲದ ವ್ಯಾಪಾರಿಯೊಬ್ಬರು ಎದ್ದು ನಿಂತು, "ಮೇಡಂ, ಬೆಲ್ಲಕ್ಕ ಇರುವಿ ಹತ್ತಿದ್ರ ಅದರ ಅಡ್ರೆಸ್ಸೂ ಬರೀಬೇಕೇನ್ರಿ?" ಎಂದರು. ಮೇಡಂ ನಗಲಿಲ್ಲ. "ಹತ್ತಿದ ತಾರೀಖು ಬರೆಯಿರಿ, ಸಾಕು" ಎಂದರು. ನನ್ನ ಸಿಟ್ಟು ಅಲ್ಲಿಂದಲೇ ಶುರು.

ನಮಗೆ ಶೇಂಗಾ ಕೊಡುವವಳು ಗೊಳಸಂಗಿಯ ನೀಲವ್ವ. ಹತ್ತು ವರ್ಷದಿಂದ ಅವಳದೇ ಶೇಂಗಾ. ಅವಳ ಮುಂದೆ ನಾನು ಫಾರ್ಮು ಹಿಡಿದು ಸರ್ವೆ ನಂಬರು, ಬಿತ್ತಿದ ದಿನ, ಕಿತ್ತ ದಿನ ಕೇಳಿದೆ. ಇನ್ನು ಬಾಯಿಮಾತು ನಡೆಯುವುದಿಲ್ಲ ಎಂದೂ ಹೇಳಿದೆ. "ಹತ್ತ ವರ್ಷ ನಡದೈತಿ. ಇವತ್ತ ಅದರ ಕಾಲ ಮುರದಾವೇನ್ರಿ ಅಣ್ಣಾರ?" ಎಂದಳು. ಆದರೂ ಪಾಪ, ಎಲ್ಲವನ್ನೂ ಹೇಳಿ ಹೆಬ್ಬೆಟ್ಟು ಒತ್ತಿದಳು.

ಕಾಳು ಅಳೆಯುವಾಗ ನಮ್ಮಲ್ಲಿ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ಹಾಗೆಯೇ ನಾನು ರಿಜಿಸ್ಟರಿನಲ್ಲಿಯೂ ಲಾಭ, ಎರಡು, ಮೂರು ಎಂದೇ ಲಾಟು, ಅಂದರೆ ಒಂದೊಂದು ಸಲ ಮಾಡಿದ ಹಿಂಡಿಯ ಲೆಕ್ಕ, ಬರೆದಿಟ್ಟೆ. ತಪಾಸಣೆಗೆ ಬಂದ ಅದೇ ಮೇಡಂ ಹುಬ್ಬು ಗಂಟಿಕ್ಕಿದರು. "ಒಂದನೇ ಲಾಟ್ ಎಲ್ಲಿ? ಏನನ್ನು ಮುಚ್ಚಿಡ್ತಿದ್ದೀರಿ?" ಎಂದರು. ನಾನು ಮುಚ್ಚಿಡುವವನೇ! ಮೂವತ್ತು ವರ್ಷ ಹಾಜರಿ ಪುಸ್ತಕ ಕಾಯ್ದವನು! ಎಷ್ಟು ತಿಳಿಸಿ ಹೇಳಿದರೂ ಅವರ ಕಂಪ್ಯೂಟರು ಲಾಭವನ್ನು ಒಪ್ಪಲಿಲ್ಲ. ಕೊನೆಗೆ ಪೊಟ್ಟಣದ ಮೇಲೆ ಒಂದು ಎಂದೇ ಅಚ್ಚಾಯಿತು.

ಮೊದಲ ಸರಕು ಹೋಗಿ ವಾರವಾಗಿರಲಿಲ್ಲ, ಪುಣೆಯಿಂದ ಫೋನು ಬಂತು. ಒಂದನೇ ಲಾಟಿನ ಹಿಂಡಿ ಕಮಟು ವಾಸನೆ ಹೊಡೆಯುತ್ತಿದೆ. ಸಂಜೆಯೊಳಗೆ ಅದು ಎಲ್ಲಿಯ ಶೇಂಗಾ ಎಂದು ಹೇಳದಿದ್ದರೆ ಎಲ್ಲ ಲಾಟೂ ವಾಪಸು, ವ್ಯವಹಾರವೂ ಬಂದ್. ಐದು ಜನ ಹೆಣ್ಣುಮಕ್ಕಳು ಒನಕೆ ಕೆಳಗಿಟ್ಟು ನಿಂತರು. ಶಾರದೆಯ ಮುಖ ಸಣ್ಣದಾಯಿತು. ನನ್ನ ಪಿತ್ತ ನೆತ್ತಿಗೇರಿತು. ರಿಜಿಸ್ಟರು ತೆಗೆಯುವಷ್ಟು ತಾಳ್ಮೆ ಯಾರಿಗಿದೆ? ನೀಲವ್ವನಿಗೆ ಫೋನು ಹಚ್ಚಿ, "ಹಳೀ ಮಾಲ ಕೊಟ್ಟು ನಮ್ಮ ಮನಿ ಮುಳಗಿಸಿದೆಲ್ಲ! ಇನ್ನ ನಿನ್ನ ಶೇಂಗಾ ಬ್ಯಾಡ" ಎಂದು ಒದರಿದೆ. ಆ ಕಡೆ ಅವಳು ಫೋನು ಇಟ್ಟಳು.

ಅಷ್ಟರಲ್ಲಿ ಶಾರದೆ ರಿಜಿಸ್ಟರು ತೆರೆದಿದ್ದಳು. "ಇಲ್ಲಿ ಬರ್ರಿ. ಓದ್ರಿ" ಎಂದಳು. ಓದಿದೆ. "ಲಾಟು: ಲಾಭ. ಮೂಲ: ಸ್ವಂತ ಮನೆ, ಅಟ್ಟದ ಚೀಲ. ಅಳೆದವರು:" ಅದರ ಮುಂದೆ ನನ್ನ ಸಹಿ. ಲಾಭದ ಅಳತೆ ಮನೆಯ ಕಾಳಿನಿಂದಲೇ ಆಗಬೇಕು, ಅದನ್ನು ಮನೆಯ ಯಜಮಾನನೇ ಹಾಕಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಮನೆಬಳಕೆಗೆಂದು ಇಟ್ಟಿದ್ದ ಹೋದ ವರ್ಷದ ಅರ್ಧ ಚೀಲವೊಂದು ಅಟ್ಟದ ಮೇಲಿತ್ತು. ಪದ್ಧತಿಯೂ ನಡೆಯಿತು, ಚೀಲವೂ ಖಾಲಿಯಾಯಿತು ಎಂದು ನಾನೇ ಹಿಗ್ಗಿನಿಂದ ಸುರಿದಿದ್ದೆ. ನೀಲವ್ವನ ಶೇಂಗಾ ಶುರುವಾಗಿದ್ದೇ ಎರಡನೇ ಲಾಟಿನಿಂದ.

ಸಂಜೆಯೊಳಗೆ ಪುಣೆಗೆ ಉತ್ತರ ಹೋಯಿತು. ಒಂದು ಲಾಟು ಮಾತ್ರ ವಾಪಸು ಬಂತು, ವ್ಯವಹಾರ ಉಳಿಯಿತು. ಹಾಳು ನಿಯಮ ಎಂದು ಬೈದ ಬಾಯಿಯನ್ನು ಎಲ್ಲಿ ಇಡಲಿ! ಮರುದಿನ ಶಾರದೆ ನನ್ನನ್ನು ಗೊಳಸಂಗಿಯ ಬಸ್ಸು ಹತ್ತಿಸಿದಳು. ನೀಲವ್ವ ಹೊರಸು ಹಾಕಿ ಕೂರಿಸಿ ಚಹಾ ಕೊಟ್ಟಳು. ತಪ್ಪಾಯಿತವ್ವಾ ಎಂದೆ, ನಿಜಕ್ಕೂ ನಾಚಿಕೊಂಡೇ ಎಂದೆ. "ಹಂಗಲ್ರಿ ಅಣ್ಣಾರ. ನಾ ಹೆಬ್ಬೆಟ್ಟ ಒತ್ತೇನಿ, ಈಗ ನೀವೂ ಬರದ ಕೊಡ್ರಿ. ತಪ್ಪ ಯಾರದು, ಯಾವತ್ತಿಂದು, ಎಲ್ಲಿಂದ ಬಂತು, ಎಲ್ಲಾ" ಎಂದಳು. ಅವಳ ಹೊರಸಿನ ಮೇಲೆಯೇ ಕುಳಿತು ಒಂದಕ್ಷರ ಬಿಡದೆ ಬರೆದುಕೊಟ್ಟೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅದರ ನಕಲು ನಮ್ಮ ಕಡತದಲ್ಲೂ ಇರಬೇಕೆಂದು ಶಾರದೆ ಹಟ ಹಿಡಿದು ಸೇರಿಸಿದಳು. ಮುಂದಿನ ತಪಾಸಣೆಗೆ ಬಂದ ಮೇಡಂ ಇಡೀ ಕಡತದಲ್ಲಿ ಅದೊಂದೇ ಹಾಳೆಯನ್ನು ಎರಡು ಸಲ ಓದಿ, "ಇಷ್ಟು ಪೂರ್ಣವಾದ ದಾಖಲೆ ನಾನು ಎಲ್ಲೂ ನೋಡಿಲ್ಲ" ಎಂದು ಫೋಟೋ ಹೊಡೆದುಕೊಂಡರು. ಮೊನ್ನೆ ಮುದ್ದೇಬಿಹಾಳದ ತರಬೇತಿಯಲ್ಲಿ ಅದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ತಪ್ಪು ಎಂದರೆ ಹೀಗೆ ಪತ್ತೆಯಾಗಬೇಕು ಎಂದು ಪಾಠ ಮಾಡಿದರಂತೆ. ನನ್ನ ಹೆಸರು ಅಳಿಸಿದ್ದರಂತೆ. ನನ್ನ ಸಿಟ್ಟು ಈಗ ಅದಕ್ಕೇ. ಬರೆದವನು ಯಾರೆಂದೇ ಇಲ್ಲದ ಮೇಲೆ ಅದೆಂಥ ಪೂರ್ಣ ದಾಖಲೆ ಎಂದು ಕೇಳಿ ಮೇಡಂಗೆ ಒಂದು ಖಾರವಾದ ಪತ್ರ ಬರೆದಿದ್ದೇನೆ.