ಬೋಣಿಗೆ ಮುಂಚೆ ಬರಬೇಡಿ

ಗಿರಾಕಿ ಬರಲೆಂದು ಶೆಟ್ಟರೆಲ್ಲ ವಾಸವಿ ಅಮ್ಮನವರಿಗೆ ಹರಕೆ ಹೊರುತ್ತಾರೆ. ಬಂದ ಗಿರಾಕಿಯನ್ನು ಬಾಗಿಲಲ್ಲೇ ತಡೆದು ಕೂರಿಸುವ ಶೆಟ್ಟರು ಇಡೀ ಕನಕಪುರಕ್ಕೆ ಒಬ್ಬರೇ: ನಮ್ಮ ದೊಡ್ಡಪ್ಪ!

ಅವರದು ಗ್ರಂಥಿಗೆ ಅಂಗಡಿ. ಕರ್ಪೂರ, ಕುಂಕುಮ, ಅಳಲೆಕಾಯಿ ಎಲ್ಲ ಸಿಗುತ್ತದೆ. ಆದರೆ ಒಂಬತ್ತು ಗಂಟೆಯ ಮೇಲೆ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನ ಅಮ್ಮನ ಕೈಯಿಂದಲೇ ಆಗಬೇಕು! ಅವಳದು ಅಂಥ ಕೈಗುಣವಂತೆ. ಅಪ್ಪ ತೀರಿಕೊಂಡ ಮೇಲೆ ಅಡುಗೆಮನೆ ಬಿಟ್ಟು ಹೊರಬರದಿದ್ದ ಅಮ್ಮ, ಈಗ ದಿನಾ ಇಸ್ತ್ರಿ ಸೀರೆ ಉಟ್ಟು ಮಹಡಿಯಿಂದ ಇಳಿದು ಬರುತ್ತಾಳೆ. "ಭಾವ, ಅರಿಶಿನದ ಕೊಂಬು ಕೊಡಿ" ಎಂದು ನಾಣ್ಯ ನೀಡುತ್ತಾಳೆ. ದೊಡ್ಡಪ್ಪ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆಯೇ ಉಳಿದ ಲೋಕಕ್ಕೆ ಬಾಗಿಲು! ನಮ್ಮ ಮನೆಯಲ್ಲಿ ಅರಿಶಿನದ ಕೊಂಬು ಎಷ್ಟಿರಬಹುದು ಊಹಿಸಿ. ಅಕ್ಕಿ ಡಬ್ಬದಲ್ಲೂ ಅದೇ, ನನ್ನ ಪೆನ್ಸಿಲ್ ಬಾಕ್ಸಿನಲ್ಲೂ ಅದೇ!

ಒಮ್ಮೆ ಉಯ್ಯಂಬಳ್ಳಿಯಿಂದ ಗೌಡರೊಬ್ಬರು ಮೊದಲ ಬಸ್ಸಿಗೇ ಬಂದಿಳಿದರು.

"ಶೆಟ್ರೇ, ಒಸಿ ಕರ್ಪೂರ ಕೊಡಿ. ಮನೇಲಿ ಗೃಹಪ್ರವೇಶ ಐತೆ."

"ಕುಂತ್ಕೊಳ್ಳಿ ಗೌಡ್ರೇ, ಬೋಣಿ ಆಗ್ಲಿ."

"ನಾನೇ ಮಾಡ್ತೀನಿ ತಗಳಿ ಬೋಣಿಯ!"

ದೊಡ್ಡಪ್ಪ ಅವರ ಅಂಗೈಯನ್ನು ನಾಡಿ ನೋಡುವ ಪಂಡಿತರಂತೆ ತಿರುಗಿಸಿ ತಿರುಗಿಸಿ ನೋಡಿದರು. "ಒಳ್ಳೇ ಕೈಯೇ. ಆದ್ರೆ ಇದು ಹನ್ನೊಂದು ಗಂಟೆ ಕೈ."

"ಅಷ್ಟೊತ್ಗೆ ಪೂಜೇನೇ ಮುಗ್ದೋಯ್ತದಲ್ಲ ಸಾಮಿ!"

ಕೊನೆಗೆ ಕರ್ಪೂರವನ್ನು ಪುಕ್ಕಟೆ ಕೊಟ್ಟು ಕಳಿಸಿದರು. ಮಾರಿದರೆ ತಾನೇ ಬೋಣಿ?

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿ ಕಪ್ಪು ತಂದವಳು ನಾನು. ನನ್ನ ಮನೆಯಲ್ಲೇ ಇಂಥ ಮೌಢ್ಯವೇ?

"ನನ್ನ ಕೈ ಎಷ್ಟು ಗಂಟೇದು ದೊಡ್ಡಪ್ಪ?"

"ನಿಂದು ಭಾನುವಾರದ ಕೈ ಕಣೇ."

ಭಾನುವಾರ ನಮ್ಮ ಅಂಗಡಿಗೆ ರಜೆ!

ಸೇಡಿಗೆ ಕಾಲ ಕೂಡಿಬಂತು. ಅಮ್ಮ ಹತ್ತು ದಿನ ಮಾಗಡಿಯ ತವರಿಗೆ ಹೋದಳು. ದೊಡ್ಡಪ್ಪ ಬೇರೆ ದಾರಿಯಿಲ್ಲದೆ, ಇಂಜೆಕ್ಷನ್ನಿಗೆ ತೋಳು ಕೊಟ್ಟವರಂತೆ ಕಣ್ಣು ಮುಚ್ಚಿ, ಯಾರ‍್ಯಾರ ಕೈಯಿಂದಲೋ ಬೋಣಿ ಮಾಡಿಸಿಕೊಂಡರು. ನಾನು ಮೂಲೆಯಲ್ಲಿ ಕೂತು ಬಂದ ಗಿರಾಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಒಬ್ಬರಾದರೂ ಕಡಿಮೆಯಾದರೇ? ಎರಡು ದಿನವಂತೂ ಕ್ಯೂ!

"ನೋಡಿ ದೊಡ್ಡಪ್ಪ, ಪುರಾವೆ! ಅಮ್ಮ ಇಲ್ಲದೇನೂ ಜನ ಬಂದ್ರು. ಇದಕ್ಕೇನಂತೀರಿ?"

"ಊರಿಗೆ ಹೋಗೋ ದಿನ ಬೋಣಿ ಮಾಡೇ ಹೋದಳಲ್ಲ, ಅದರ ಬಲ! ಹತ್ತು ದಿನ ತಡೀತು ನೋಡು!"

ಇಂಥವರೊಡನೆ ವಾದಿಸುವುದು ಹೇಗೆ ಸ್ವಾಮಿ? ತೀರ್ಪುಗಾರರಿಲ್ಲದ ಗೆಲುವು ಗೆಲುವೇ? ಹೊಟ್ಟೆಯುರಿ ತಡೆಯದೆ ಫೋನು ಮಾಡಿ ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡೆ. ಅತ್ತೆಯೆಂದರೆ ದೊಡ್ಡಪ್ಪನ ಅಕ್ಕ.

ಕಳೆದ ತಿಂಗಳು ಅಂಗಡಿಗೆ ಹೊಸ ಬೀರು, ಹೊಸ ಬೋರ್ಡು ಹಾಕಿಸಿ ಪೂಜೆ ಇಟ್ಟುಕೊಂಡರು. ಬಳಗವೆಲ್ಲ ಸೇರಿತ್ತು. ಮಂಗಳಾರತಿ ಮುಗಿದು ಅಮ್ಮ ನಾಣ್ಯ ಹಿಡಿದು ಹೊಸ್ತಿಲ ಬಳಿ ಬಂದಾಗ ಅತ್ತೆ ಅಡ್ಡ ನಿಂತರು.

"ಹೊಸ ಅಂಗಡಿ ಕಣೋ. ಮುತ್ತೈದೆ ಕೈಲಿ ಮಾಡ್ಸು."

"ಈ ಕೈ ಇಲ್ಲದೆ ನನಗೆ ವ್ಯಾಪಾರ ಆಗಲ್ಲಕ್ಕಾ."

"ಮಾಗಡಿಗೆ ಹೋಗಿದ್ದಾಗ ಆಗ್ಲಿಲ್ವಾ? ಲೇ ಹುಡುಗಿ, ಬರೆದಿಟ್ಟಿದ್ದೀಯಂತಲ್ಲ. ನೀನೇ ಹೇಳೇ!"

ತುಂಬಿದ ಸಭೆ ನನ್ನತ್ತ ತಿರುಗಿತು. ನೋಟ್‌ಬುಕ್ಕು ಬ್ಯಾಗಿನಲ್ಲೇ ಇತ್ತು. ಅಮ್ಮ ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕುತ್ತ, "ಬಿಡಿ ಭಾವ, ಬೇರೆ ಯಾರಾದ್ರೂ ಮಾಡ್ಲಿ" ಎಂದಳು.

ಆಗ ಹೊಳೆಯಿತು. ಅಪ್ಪ ಇದ್ದಾಗ ಈ ಕೈಗುಣದ ಸುದ್ದಿಯೇ ಇರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಒಂದು ಮದುವೆಯಲ್ಲಿ ಅಮ್ಮನನ್ನು ಆರತಿ ತಟ್ಟೆ ಮುಟ್ಟಗೊಡದೆ ಹಿಂದಕ್ಕೆ ಕಳಿಸಿದ್ದರು. ಮಾರನೆಯ ಬೆಳಿಗ್ಗೆಯೇ ದೊಡ್ಡಪ್ಪ ಮಹಡಿಯ ಕಡೆ ತಲೆಯೆತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿದ್ದರು: "ಅಮ್ಮಾ, ಕೆಳಗೆ ಬಾ, ಬೋಣಿ ಆಗಿಲ್ಲ!"

"ಹೇಳೇ!" ಅತ್ತೆ ಗದರಿದರು.

"ಅಯ್ಯೋ ಅತ್ತೆ, ಏನು ಕೇಳ್ತೀರಿ! ಆ ಹತ್ತು ದಿನ ನೊಣ ಹೊಡೆದೂ ಹೊಡೆದೂ ನಮ್ಮ ಕೈಯೇ ಸೋತುಹೋಯ್ತು!"

ಅಮ್ಮ ಸೆರಗಿನ ಗಂಟು ಬಿಚ್ಚಿದಳು. ದೊಡ್ಡಪ್ಪ ತಕ್ಕಡಿ ಒರೆಸುತ್ತ ನಿಂತರು, ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.