ಮೇಷ್ಟ್ರ ಸ್ಟೀರಿಯೋಗೆ ಹಿಡಿದ ಗುಂಯ್ ರೋಗ

ಗಣಿತದ ಮೇಷ್ಟ್ರ ಮನೆಯಲ್ಲಿ ಒಂದು ಮುದಿ ಸ್ಟೀರಿಯೋ ಇತ್ತು. ರೆಕಾರ್ಡ್ ತಿರುಗಿಸುವ ತಟ್ಟೆ, ಎತ್ತಿದವರ ಸೊಂಟ ಹಿಡಿಸುವ ಆಂಪ್ಲಿಫೈಯರ್, ಎರಡು ಮೂಲೆಗಳಲ್ಲಿ ದ್ವಾರಪಾಲಕರಂತೆ ನಿಂತ ಎರಡು ಸ್ಪೀಕರ್. ಇಷ್ಟಕ್ಕೂ ಮೇಷ್ಟ್ರೇ ವೈದ್ಯರು, ಮೇಷ್ಟ್ರೇ ದಾದಿ. (ಹೆಂಡತಿಗೆ ನೆಗಡಿಯಾದರೆ ಮಾತ್ರ, "ಬಿಸಿನೀರು ಕುಡಿ, ಹೋಗತ್ತೆ.")

ನಿವೃತ್ತರಾಗಿ ಹಗಲೂ ಮನೆಯಲ್ಲೇ ಕೂತು ಹಾಡು ಕೇಳತೊಡಗಿದ ಮೇಲೆ ಆ ಮಹಾಯಂತ್ರಕ್ಕೊಂದು ರೋಗವಿರುವುದು ಅವರ ಗಮನಕ್ಕೆ ಬಂತು. ಹಾಡು ನಿಧಾನವಾಗುವ ಕಡೆಯಲ್ಲೆಲ್ಲ ಹಿಂದಿನಿಂದ ಸಣ್ಣಗೆ 'ಗುಂಯ್' ಎಂಬ ಸದ್ದು. ಮೇಷ್ಟ್ರು ಸೂಜಿ ಒರೆಸಿದರು. ತಟ್ಟೆಯ ಬೆಲ್ಟ್ ಬದಲಾಯಿಸಿದರು. ಅರ್ಥಿಂಗ್ ತಂತಿಯನ್ನು ಹೊಸದಾಗಿ ಬಿಗಿದರು. ರೋಗ ಜಗ್ಗಲಿಲ್ಲ. ಕೊನೆಗೆ ಆಂಪ್ಲಿಫೈಯರಿನ ಹೊಟ್ಟೆಯನ್ನೇ ಬಗೆದರು.

"ರೀ, ಊಟದ ಮೇಜಿನ ಮೇಲೆ ಇದೇನು ಗುಜರಿ ಅಂಗಡಿ?"

"ಸುಮ್ಮನಿರೇ, ಶಸ್ತ್ರಚಿಕಿತ್ಸೆ ನಡೀತಿದೆ."

"ತಟ್ಟೆ ಎಲ್ಲಿಡಲಿ? ರೋಗಿ ತಲೆ ಮೇಲಾ?"

ಎಲ್ಲವನ್ನೂ ಮತ್ತೆ ಜೋಡಿಸಿ (ಒಂದು ಸ್ಕ್ರೂ ಉಳಿಯಿತು, ಅದಿರಲಿ) ರೆಕಾರ್ಡ್ ಹಾಕಿದರು. ಗುಂಯ್! ಬಲಗಡೆಯ ಸ್ಪೀಕರ್ ತಂತಿ ಬಿಚ್ಚಿದರು, ಗುಂಯ್ ಇತ್ತು. ಅದನ್ನು ಸಿಕ್ಕಿಸಿ ಎಡಗಡೆಯದನ್ನು ಬಿಚ್ಚಿದರು, ಆಗಲೂ ಇತ್ತು. ರೋಸಿಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತರು. ಹಾಡು ಮುಲುಗಿ ನಿಂತಿತು. ಗುಂಯ್ ಮಾತ್ರ ಇನ್ನೂ ಅರ್ಧ ಸಾಲು ಆರಾಮಾಗಿ ಮುಂದುವರಿಯಿತು, ಅಡುಗೆಮನೆಯಿಂದ.

ಮೇಷ್ಟ್ರು ಒಂದೇ ಉಸಿರಿಗೆ ಒಳಗೆ ಓಡಿದರು. "ಸಿಕ್ತು ಕಣೇ! ಇಷ್ಟು ದಿನ ನನ್ನ ಪ್ರಾಣ ತಿಂದ ದೋಷ ನೀನೇ!"

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಬೆಚ್ಚಿದರು. "ಅಯ್ಯೋ, ನಾನು ಹಾಡ್ಕೊಳ್ಳೋದು ಅಲ್ಲಿವರೆಗೂ ಕೇಳಿಸ್ತಿತ್ತಾ?"

"ಹಾಡಾ? ಗುಂಯ್‌ಗುಡ್ತಿದ್ದೆ!"

ಮೇಷ್ಟ್ರ ಅತಿ ದಡ್ಡ ವಿದ್ಯಾರ್ಥಿಯೂ ಇಷ್ಟು ಕೆಟ್ಟ ಉತ್ತರ ಕೊಟ್ಟಿರಲಿಲ್ಲ. ಆಕೆಯ ಮುಖ ಸಪ್ಪಗಾಯಿತು. "ಇನ್ಮೇಲೆ ಕೇಳಿಸಲ್ಲ ಬಿಡಿ" ಎಂದು ನಲ್ಲಿ ಜೋರಾಗಿ ತಿರುಗಿಸಿದರು.

ಹೇಳಿದಂತೆಯೇ ನಡೆದುಕೊಂಡರು ಮಹಾತಾಯಿ. ಸ್ಟೀರಿಯೋ ಚೊಕ್ಕವಾಗಿ ಹಾಡತೊಡಗಿತು, ಮೇಷ್ಟ್ರಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ನಿಧಾನದ ಜಾಗ ಬಂದಾಗಲೆಲ್ಲ ಅವರ ಕಿವಿ ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತಿತ್ತು. ಅಲ್ಲಿ ಬರೀ ಪಾತ್ರೆಯ ಸದ್ದು. ಮನೆ ಬಿಕೋ ಎನ್ನುತ್ತಿತ್ತು. ಅವರಿಗೆ ಆ ಗುಂಯ್ ಬೇಕಾಗಿತ್ತು, ಬೇಕೇ ಬೇಕಾಗಿತ್ತು. ವಾರ ಕಳೆಯುವಷ್ಟರಲ್ಲಿ ಸೋತು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಸ್ಟೀರಿಯೋ ಮತ್ತೆ ಕೆಟ್ಟಿದೆ ಕಣೇ."

"ಈಗೇನಂತೆ?"

"ಒಂದು ದನಿ ಬರ್ತಾನೇ ಇಲ್ಲ. ಅದಿಲ್ಲದೆ ಯಾವ ಹಾಡೂ ರುಚಿಸ್ತಿಲ್ಲ. ನಂದು ತಪ್ಪಾಯ್ತು. ಮೊದಲಿನ ಹಾಗೆ ಹಾಡ್ಕೋ."

ಆಕೆ ಕೈ ಒರೆಸಿಕೊಂಡು ಗಂಡನನ್ನೇ ನೋಡಿದರು. ಕಣ್ಣಲ್ಲಿ ನೀರೂ ನಗುವೂ ಒಟ್ಟಿಗೇ ಬಂದವು. "ಒಂದು ನಿಜ ಹೇಳಲಾ? ಬೇಜಾರು ಮಾಡ್ಕೋಬಾರದು."

"ಹೇಳು, ಹೇಳು."

"ಹಾಡು ಹಾಕಿದ ಕೂಡಲೇ ನೀವು ಕುರ್ಚಿ ಮೇಲೆ ತಾಳ ಕುಟ್ತೀರಲ್ಲ, ಅದು ಒಂದು ದಿನವಾದ್ರೂ ಸರಿಬಂದಿದ್ರೆ ಕೇಳಿ! ಅದನ್ನ ಕೇಳಲಾರದೆ, ನನ್ನ ಪಾಡಿಗೆ ನಾನು ಹಾಡು ಹಿಡ್ಕೊಂಡು ಹೇಗೋ ದಡ ಸೇರ್ತಿದ್ದೆ. ಈ ವಾರವಂತೂ ಹಲ್ಲು ಕಚ್ಚಿ ತಡ್ಕೊಂಡಿದ್ದೀನಿ."

ಬದುಕಿಡೀ ಲೆಕ್ಕ ಹೇಳಿಕೊಟ್ಟ ಮೇಷ್ಟ್ರ ಮುಖ ನೋಡುವಂತಿತ್ತು. ಹೆದರಿ ಹೆದರಿ ಕೇಳಿದರು: "ಹಾಗಾದ್ರೆ ನಾನು ತಾಳ ನಿಲ್ಲಿಸಿದ್ರೆ?"

"ನಂಗೂ ಹಾಡೋ ಕಷ್ಟ ತಪ್ಪತ್ತೆ."

ಮೇಷ್ಟ್ರು ಹಾಲಿಗೆ ಓಡಿ ರೆಕಾರ್ಡ್ ಹಾಕಿದರು. ಕುರ್ಚಿಯಲ್ಲಿ ಕೂತು ಎರಡೂ ಕೈಗಳಿಂದ ಶಕ್ತಿಮೀರಿ ತಾಳ ಕುಟ್ಟತೊಡಗಿದರು. ತಾಳ ತಪ್ಪಿಸಲು ವಿಶೇಷ ಶ್ರಮವನ್ನೇನೂ ಪಡಬೇಕಾಗಲಿಲ್ಲ. ಒಳಗಿನಿಂದ ಮೆಲ್ಲಗೆ ಗುಂಯ್ ಎದ್ದಿತು.